ಅರ್ಗಿರೋ ನೆನೆಹಾಕಿದ ಬಟ್ಟೆ

ದೀಪ ಸಣ್ಣ ಮಾಡಿ. ಇದು ಅವರಿವರು ಹೇಳಿದ್ದಲ್ಲ, ನನ್ನ ದೊಡ್ಡಪ್ಪನ ಮಗ ಸ್ಟಾಥಿಸ್‌ಗೇ ಆಗಿದ್ದು.

ಆವತ್ತು ಅವನು ಕಾಫಿ ಅಂಗಡಿಯಿಂದ ತಡವಾಗಿ ಮನೆಗೆ ಹೊರಟಿದ್ದ. ದಾರೀಲಿ ಅಂಜೂರದ ಮರ, ಅದರ ಬುಡದಲ್ಲಿ ಹಳೇ ಬಾವಿ. ತಾತನ ಕಾಲದಲ್ಲೇ ಬತ್ತಿದ್ದು. ಒಳಗಿಂದ... ಪಿಸುಮಾತು.

"ಹೋದರಾ?"

ಸ್ಟಾಥಿಸ್ ನಿಲ್ಲಲಿಲ್ಲ. ಬಾವಿಯೊಳಗಿಂದ ಮಾತಾಡಿಸೋರಿಗೆಲ್ಲ ಉತ್ತರ ಕೊಡೋ ಅಭ್ಯಾಸ ನನಗಿಲ್ಲ ಅಂತ ಆಮೇಲೆ ನನ್ನ ಹತ್ರ ಹೇಳಿದ.

ಮನೆಗೆ ಬಂದವನೇ ಹಾರೆ ಹಿಡಿದ. ಮಗಳ ಮದುವೆಗೆ ಮುಂಚೆ ಹಿತ್ತಲಲ್ಲಿ ಪಾಯಿಖಾನೆ ಗುಂಡಿ ಆಗಬೇಕಿತ್ತು. ನಮ್ಮೂರು ಲಿಥೋರಾದಲ್ಲಿ ಹಗಲು ಹೊತ್ತು ಯಾರೂ ಗುಂಡಿ ತೋಡಲ್ಲ. ನೆಲದ ಕೆಳಗೆಲ್ಲ ಹೂತುಹೋದ ಹಳೇ ಪಟ್ಟಣ. ಒಂದು ಕೆತ್ತಿದ ಕಲ್ಲು ಸಿಕ್ತು ಅಂದ್ರೆ ಪುರಾತತ್ವದವರು ಬಂದು ಸುತ್ತ ಹಗ್ಗ ಕಟ್ತಾರೆ. ಮೊಮ್ಮಕ್ಕಳ ಮದುವೆ ತನಕ ಬಿಚ್ಚಲ್ಲ.

"ಲೇ ಅರ್ಗಿರೋ," ಹೆಂಡ್ತಿ ಕಿವೀಲಿ ಉಸುರಿದ. "ರೇಡಿಯೋ ಹಾಕು, ಹಾರೆ ಸದ್ದು ಬೀದಿಗೆ ಕೇಳಬಾರದು. ಏನೇ ಸದ್ದು ಕೇಳಿದ್ರೂ ಇನ್ನೂ ಜೋರು ಮಾಡು. ಈಚೆ ಬರಬೇಡ."

"ನೀವು ಕೂಗಿದ್ರೆ?"

"ಆಗಲೂ."

ಮದುವೆಯಾದಾಗಿನಿಂದ ಅರ್ಗಿರೋ ಗಂಡನ ಮಾತು ಚಾಚೂ ತಪ್ಪದೆ ಕೇಳಿದ್ದು ಅದೊಂದೇ ಸಲ.

ಠಣ್! ಹಾರೆಗೆ ಚಪ್ಪಡಿ ಸಿಕ್ತು. ಮೀಟಿದ. ಕೆಳಗೆ ಮೆಟ್ಟಿಲು. ಎತ್ತಿದ ಚಪ್ಪಡಿ ಬೀಳದ ಹಾಗೆ ಹಾರೆಯನ್ನೇ ಆನಿಸಿ, ಬ್ಯಾಟರಿ ಹಿಡಿದು ಇಳಿದ. ಹಿಂದುಗಡೆ ಹಾರೆ ಜಾರಿತು...

ಧಡ್.

ಬ್ಯಾಟರಿ ಕೈತಪ್ಪಿ ಉರುಳಿ ಹೋಯ್ತು. ಬೆನ್ನು ಕೊಟ್ಟು ನೂಕಿದ. ಕಲ್ಲು ಅಲ್ಲಾಡಲಿಲ್ಲ.

"ಅರ್ಗಿರೋ!"

ಮೇಲೆ ರೇಡಿಯೋದ ಕ್ಲಾರಿನೆಟ್ ಜೋರಾಯ್ತು. ಮತ್ತೆ ಕೂಗಿದ. ಇನ್ನೂ ಜೋರಾಯ್ತು.

ಮತ್ತೊಮ್ಮೆ ಬಾಯಿ ತೆರೆದಾಗ ಒಂದು ಕೈ ಬಂದು ಮುಚ್ಚಿತು. ಒಣಗಿದ ಕೈ... ಈರುಳ್ಳಿ ಸಿಪ್ಪೆ ಥರ.

"ಶ್... ಕೇಳಿಸ್ಕೊಂಡಾರು."

ಸುತ್ತಲೂ ಉಸಿರು. ತುಂಬ ಜನರದ್ದು. ಒಣಗಂಟಲಲ್ಲಿ ಉಗುಳು ನುಂಗೋ ಸದ್ದು... ಗುಳುಕ್. ಗುಳುಕ್. ಎಲ್ಲೋ ಒಂದು ಮಗು ಗೋಡೆ ನೆಕ್ಕೋ ಸದ್ದು.

"ಹೋದರಾ?"

ಭಾಷೆ ನಮ್ದೇ. ಆದ್ರೆ ಚರ್ಚಲ್ಲಿ ಪಾದ್ರಿ ಓದ್ತಾರಲ್ಲ, ಅದಕ್ಕಿಂತ ಹಳೇದು.

ಆಗ ಸ್ಟಾಥಿಸ್‌ಗೆ ಮೇಷ್ಟ್ರು ಹೇಳಿದ ಪಾಠ ನೆನಪಾಯ್ತು. ಹಳೇ ಲಿಥೋರಾಕ್ಕೆ ದಂಡು ಮುತ್ತಿಗೆ ಹಾಕಿದಾಗ ಊರವರು ನೆಲದಡಿಯ ನೀರಿನ ತೊಟ್ಟಿಗಿಳಿದು ಅಡಗಿದ್ರು. ಮೇಲೆ ಚಪ್ಪಡಿ ಮುಚ್ಚಿದವನು, ದಂಡು ಹೋದ ಮೇಲೆ ಬಂದು ಹೇಳ್ತೀನಿ ಅಂದಿದ್ದ. ಬರಲೇ ಇಲ್ಲ. ಆ ಪಾಠದ ಹೊತ್ತಲ್ಲಿ ಸ್ಟಾಥಿಸ್ ನಿದ್ದೆ ಹೊಡೀತಿದ್ದ ಅಂತ ನಾನು ಅಂದ್ಕೊಂಡಿದ್ದೆ.

ಕೈ ಸ್ವಲ್ಪ ಸಡಿಲಾಯ್ತು.

"ಹೋದ್ರು," ಅಂದ. ಮತ್ತೆ ಅಂದ, "ಹೋದ್ರು ಕಣ್ರಪ್ಪಾ. ಯಾವತ್ತೋ ಹೋದ್ರು."

ಉಸಿರೆಲ್ಲ ಒಟ್ಟಿಗೆ ನಿಂತಿತು.

"ನಿಜ ತಾನೆ?"

"ನನ್ನ ಮಗಳಾಣೆ."

ಪಟಪಟಪಟ... ಬರಿಗಾಲು. ಭುಜಗಳು ಅವನನ್ನ ಉಜ್ಜಿಕೊಂಡು ಮೇಲೇರಿದವು. ಕಲ್ಲು ಕಿರ್‍ರ್... ಅಂತ ಸರಿಯಿತು. ನಕ್ಷತ್ರ ಕಾಣಿಸ್ತು.

ಅವನು ಈಚೆ ಬಂದಾಗ ಹಿತ್ತಲಲ್ಲಿ ಯಾರೂ ಇಲ್ಲ. ಅರ್ಗಿರೋ ರೇಡಿಯೋ ತಬ್ಬಿಕೊಂಡು ಬಾಗಿಲಲ್ಲಿ ನಿಂತಿದ್ಲು.

"ಎಷ್ಟು ಜನಾನ ಕರೆಸಿದ್ರಿ ರೀ ಕೆಲಸಕ್ಕೆ? ಒಬ್ಬರೂ ಮಾತಾಡಿಸ್ಲಿಲ್ಲ."

ಬೆಳಿಗ್ಗೆ ಆ ಚಪ್ಪಡಿ ಮುಚ್ಚೋಕೆ ನಾನೂ ಕೈ ಜೋಡಿಸಿದೆ. ಕೊನೆಗೆ ಟ್ರಾಕ್ಟರ್ ತರಬೇಕಾಯ್ತು. ಗುಂಡಿ ಬೇರೆ ಕಡೆ ತೋಡಿದ, ಮದುವೇನೂ ಆಯ್ತು.

ನಂಬದಿದ್ರೆ ಬಿಡಿ. ಆವತ್ತು ಬೆಳಿಗ್ಗೆ ನಾನು ಕಣ್ಣಾರೆ ಕಂಡಿದ್ದು ಹೇಳ್ತೀನಿ... ಕೊಡಗಳು ಖಾಲಿ. ಕೋಳಿಗಿಟ್ಟ ನೀರು ಖಾಲಿ. ಅರ್ಗಿರೋ ರಾತ್ರಿ ಟಬ್ಬಲ್ಲಿ ಬಟ್ಟೆ ನೆನೆಹಾಕಿದ್ಲು. ಆ ಸೋಪಿನ ನೀರೂ ಒಂದು ಹನಿ ಇರಲಿಲ್ಲ. ಬಟ್ಟೆ ಚೆನ್ನಾಗಿ ಹಿಂಡಿ, ಮಡಚಿ, ಪಕ್ಕಕ್ಕಿಟ್ಟಿದ್ರು.