ಮೂರನೇ ಪರದೆ

ನಗೋದಾದ್ರೆ ಎದ್ದು ಹೋಗು ಕಣೋ, ನಾನು ಹೇಳಲ್ಲ. ಇದು ನಮ್ಮ ದೊಡ್ಡಮ್ಮನ ಮಗಳು ಜಗದಾಂಬಾಗೇ ಆಗಿದ್ದು. ಎಂಬತ್ತೆಂಟನೇ ಇಸವಿ.

ಅಕ್ಕ ರಾಜಾಜಿನಗರದಲ್ಲಿ ಕಂಪ್ಯೂಟರ್ ಕೆಲಸ ಮುಗಿಸಿ ಬಸವೇಶ್ವರನಗರಕ್ಕೆ ನಡ್ಕೊಂಡು ಬರ್ತಾ ಇದ್ಲು. ಕತ್ತಲಾಗಿತ್ತು. ದಾರೀಲಿ ಒಂದು ಹಾಳು ಬಾವಿ. ಅದನ್ನ ದಾಟೋ ಹೊತ್ತಿಗೆ ಹಿಂದೆ ಚಪ್ಪಲಿ ಸದ್ದು... ಚರ್... ಚರ್... ತಿರುಗಿ ನೋಡಿದ್ರೆ ಜೊತೆ ಕೆಲಸ ಮಾಡೋ ಲಕ್ಷ್ಮೀಪತಿ!

"ನಿಜ ಹೇಳಿ," ಅಂದ ಪಿಸುದನೀಲಿ. "ನನ್ನ ಪರದೆ ಮುಟ್ಟೋದು ನೀವೇ ತಾನೆ?"

ಅಕ್ಕಂಗೆ ಮೈಯೆಲ್ಲ ಉರಿದುಹೋಯ್ತು. "ಆ ಮಾತು ನಾನು ಕೇಳ್ಬೇಕಾಗಿದ್ದು!"

ವಿಷಯ ಏನಪ್ಪಾ ಅಂದ್ರೆ, ಆಫೀಸಿಗೆಲ್ಲ ಒಂದೇ ಕಂಪ್ಯೂಟರು, ಇಬ್ಬರೂ ಸರದಿ ಮೇಲೆ ಕೂರೋರು. ಆದ್ರೆ ಅದರೊಳಗೆ ಮೂರು ಪರದೆ. ಆಲ್ಟ್ ಅನ್ನೋ ಕೀ ಹಿಡ್ಕೊಂಡು ಮೇಲಿನ ಸಾಲಿನ ಒಂದನೇ ಕೀ ಒತ್ತಿದ್ರೆ ಅಕ್ಕನ ಕೆಲಸ, ಎರಡನೇದು ಒತ್ತಿದ್ರೆ ಲಕ್ಷ್ಮೀಪತೀದು. ಮುಚ್ಚೋದು ತೆರೆಯೋದು ಏನೂ ಬೇಡ, ಒಬ್ಬರದು ಹಿಂದಕ್ಕೆ ಸರಿದು ಇನ್ನೊಬ್ಬರದು ಮುಂದಕ್ಕೆ ಬರೋದು. ಅಷ್ಟು ಸಲೀಸು ಅಂತಲೇ ಇಬ್ಬರೂ ಸಂಜೆ ಪರದೆ ತೆರೆದೇ ಬಿಟ್ಟು ಬರೋರು. ಮೂರನೇದನ್ನ ಯಾರಿಗೂ ಕೊಟ್ಟಿರಲಿಲ್ಲ.

ಅಕ್ಕ ಕೂತು ಟೈಪು ಮಾಡಿದ ಫ್ಯಾಕ್ಟರಿ ಹಾಜರಿ ಬೆಳಿಗ್ಗೆ ನೋಡಿದ್ರೆ ಅಳಿಸಿಹೋಗಿರೋದು. ಲಕ್ಷ್ಮೀಪತೀದೂ ಅದೇ ಕತೆ. "ನಾಳೇನೂ ಹೀಗಾದ್ರೆ ಮನೇಲೇ ಇದ್ಬಿಡಮ್ಮ" ಅಂದಿದ್ರು ಯಜಮಾನ್ರು ಕರಿಬಸಪ್ಪ. ದೊಡ್ಡಪ್ಪ ಹಾಸಿಗೆ ಹಿಡಿದಿದ್ರು. ದುಡಿಯೋಳು ಇವಳೊಬ್ಬಳೇ.

"ನಡೀರಿ, ನೋಡೇ ಬಿಡೋಣ" ಅಂತ ಇಬ್ಬರೂ ಆಫೀಸಿಗೆ ವಾಪಸ್ ಹೋದ್ರು. ಕೀಬೋರ್ಡಿನ ವೈರು ಕಿತ್ತು, ಬೀರುವಿನಲ್ಲಿಟ್ಟು ಬೀಗ ಹಾಕಿದ್ರು. ಬೀಗದ ಕೈ ಅಕ್ಕ ಸೆರಗಿಗೆ ಕಟ್ಕೊಂಡ್ಲು. ಆಮೇಲೆ ಗಾಜಿನ ಬಾಗಿಲಾಚೆ ನಿಂತ್ರು, ಒಬ್ಬರ ಕೈ ಇನ್ನೊಬ್ಬರಿಗೆ ಕಾಣೋ ಹಾಗೆ. ಅಷ್ಟು ಅನುಮಾನ!

ಮಿಷೀನಿನ ಫ್ಯಾನು ಗುಂಯ್ ಅಂತಿತ್ತು...

ಟಕ್.

ಲಕ್ಷ್ಮೀಪತಿ ಪರದೆ ಹೋಗಿ ಅಕ್ಕಂದು ಬಂತು. ಹಸಿರು ಸಾಲುಗಳು ಒಂದೊಂದಾಗಿ ಅಳಿಸ್ತಾ ಹೋದ್ವು.

"ಸದ್ದು... ಎಲ್ಲಿಂದ?" ಅಂದ್ಲು ಅಕ್ಕ.

"ಬೀರುವಿಂದ."

ಟಕಟಕ... ಟಕಟಕ... ಮತ್ತೆ ಟಕ್. ಮೂರನೇ ಪರದೆ ಬಂತು. ಖಾಲಿ. ಅಲ್ಲಿಗೆ ಸದ್ದು ನಿಂತ್ಹೋಯ್ತು. ಇಬ್ಬರೂ ಎದ್ದೆನೋ ಬಿದ್ದೆನೋ ಅಂತ ಓಡಿದ್ರು.

ಬೆಳಿಗ್ಗೆ ನಡೆದದ್ದು ಹೇಳಿದ್ರೆ ಕರಿಬಸಪ್ಪ ಕೂಗಾಡಿದ್ರು. "ಇಬ್ಬರೂ ಸೇರ್ಕೊಂಡು ನಾಟಕ ಆಡ್ತೀರಾ?" ಅಕ್ಕ ಸೆರಗಿನ ಗಂಟು ಬಿಚ್ಚಿ ಬೀರುವಿನ ಬೀಗ ತೆಗೆದ್ಲು. ಕೀಬೋರ್ಡು ಇಟ್ಟಲ್ಲೇ ಇತ್ತು. ಆದ್ರೆ ಆಲ್ಟ್ ಕೀ, ಮೇಲಿನ ಸಾಲಿನ ಮೂರನೇ ಕೀ, ಎರಡೂ ಒತ್ತಿ ಹಿಡಿದ ಹಾಗೆ ಕೆಳಗೇ ಇದ್ವು. ಯಜಮಾನ್ರು ಉಗುರಲ್ಲಿ ಮೀಟಿದ್ರು. ಮೇಲೇಳಲಿಲ್ಲ. ಅವರ ಮುಖ ಬಿಳಿಚ್ಕೊಂಡ್ತು.

"ತಪ್ಪು ನಿಂದಲ್ಲಮ್ಮ," ಅಂದ್ರು. "ಕೆಲಸ ನಿಂದೇ. ಕೂತ್ಕೋ."

ಅಕ್ಕ ಗಳಗಳ ಅತ್ತುಬಿಟ್ಲು. ಕೆಲಸ ಉಳೀತಲ್ಲ ಅಂತ. ಕಣ್ಣೊರೆಸ್ಕೊಂಡು ಕೀಬೋರ್ಡಿಗೆ ಕೈ ಚಾಚಿದ್ಲು ನೋಡು... ಮೂರನೇ ಕೀ ತಾನಾಗೇ ಮೇಲೆದ್ದಿತು. ಟಕ್. ಸ್ವಲ್ಪ ತಡೆದು ಆಲ್ಟ್. ಟಕ್.

ಅಕ್ಕ ಕೂತ್ಲು ಕಣೋ. ಕೂರದೆ ಏನ್ಮಾಡ್ತಾಳೆ, ಮನೆ ನಡೀಬೇಕಲ್ಲ! ವರ್ಷಗಟ್ಟಲೆ ಅಲ್ಲೇ ದುಡಿದ್ಲು. ಹಾಜರಿ ಮತ್ತೆಂದೂ ಅಳಿಸಲಿಲ್ಲ. ಆದ್ರೆ ದಿನಾ ಬೆಳಿಗ್ಗೆ ಬಂದು ಬಾಗಿಲು ತೆಗೆದು ಮುಟ್ಟಿದ್ರೆ, ಆ ಎರಡು ಕೀ ಮಾತ್ರ ಆಗ ತಾನೆ ಯಾರೋ ಬೆರಳು ತೆಗೆದ ಹಾಗೆ ಬೆಚ್ಚಗಿರೋವಂತೆ. ಮಿಕ್ಕಿದ್ದೆಲ್ಲ ತಣ್ಣಗೆ. ಅವಳ ಬಾಯಿಂದಲೇ ಕೇಳಿದ್ದು ನಾನು. ನಮ್ಮಕ್ಕ ಸುಳ್ಳು ಹೇಳೋಳಲ್ಲ.