ಟಿಲ್ಲಿ ಕೂರುವಂಥ ಕಾರು

ನಗ್ತೀರಲ್ಲ ಮಾವ... ನಗಿ, ಪರವಾಗಿಲ್ಲ. ಇಂಥ ದುಬಾರಿ ಕಾರಿನ ಚಿತ್ರ ಹಿಡ್ಕೊಂಡು ನಾನು ಓಡಾಡ್ತೀನಿ ಅಂತ ಹೋದ ವರ್ಷ ಯಾರಾದ್ರೂ ಹೇಳಿದ್ರೆ ನಾನೂ ನಗ್ತಿದ್ದೆ. ಗಣಿ ಕೆಲಸದೋನು, ಹತ್ತು ವರ್ಷ ಒಂದೇ ಯೂಟ್, ಅದೇ ಪಿಕಪ್ ಗಾಡಿ ಓಡಿಸಿದೋನು. ಹಿಂದಿನ ತೊಟ್ಟೀಲಿ ಮೀನು ಹಿಡಿಯೋ ಕೋಲು, ಐಸ್ ಪೆಟ್ಟಿಗೆ, ಒಂದು ಮಣ ಮರಳು. ಅಂಥೋನು ನಿನ್ನೆ ಷೋರೂಮಿಗೆ ಹೋಗಿ ಚರ್ಮದ ಸೀಟು ಸವರಿ ನೋಡಿ ಬಂದಿದೀನಿ. ಶೋಕಿಗಲ್ಲ ಮಾವ. ಆ ಉಪ್ಪುಕಾಗದ ಒಂದ್ನಿಮಿಷ ಕೆಳಗಿಡಿ, ಇಲ್ನೋಡಿ. ಮೂರೇ ಮೂರು ಕಾರು. ಮೂರೂ ಚಿಕ್ಕ ಎಸ್‌ಯುವಿಗಳೇ, ಐಷಾರಾಮಿ ಕಂಪನಿಗಳವು. ಅರ್ಧ ಗಂಟೆ ಸಾಕು ನನಗೆ.

ನಿಮ್ಮ ಹತ್ರ ಯಾಕೆ ಬಂದೆ ಅಂತೀರಾ? ಇನ್ಯಾರ ಹತ್ರ ಹೋಗ್ಲಿ? ನಲವತ್ತು ವರ್ಷದಿಂದ ಈ ಬನ್ಬರಿ ಊರಲ್ಲಿ ಗುದ್ದಿದ ಗಾಡಿಗಳ ತಗಡು ನೆಟ್ಟಗೆ ಮಾಡ್ತಿದೀರಿ. ಯಾವ ಕಾರು ಏಟು ತಿಂದ್ರೆ ಒಳಗಿರೋರು ತಾವೇ ಬಾಗಿಲು ತೆಕ್ಕೊಂಡು ಇಳೀತಾರೆ, ಯಾವುದರಲ್ಲಿ ಕತ್ತರಿಸಿ ತೆಗೀಬೇಕಾಗತ್ತೆ, ನಿಮಗೆ ಗೊತ್ತಿರೋಷ್ಟು ಷೋರೂಮಿನ ಆ ಟೈ ಕಟ್ಕೊಂಡೋನಿಗೆ ಗೊತ್ತಾ? ಇನ್ನೊಂದು... ರೊಸಾನಾ ನಿಮ್ಮ ಮಾತು ಕೇಳ್ತಾಳೆ. ನನ್ನ ಮಾತಂತೂ ಕೇಳ್ತಿಲ್ಲ. ಅಪ್ಪ ನೋಡಿದ್ರು, ಈ ಕಾರು ಸರಿ ಅಂದ್ರು ಅಂತ ಗೊತ್ತಾದ್ರೆ ಸಾಕು, ಟಿಲ್ಲಿನ ಕರ್ಕೊಂಡು ಬಸಲ್ಟನ್‌ಗೆ, ನಮ್ಮನೆಗೆ ವಾಪಸ್ ಬರ್ತಾಳೆ. ಹನ್ನೊಂದು ವಾರ ಆಯ್ತು ಮಾವ. ಹೆಂಡ್ತಿ, ಮಗಳು ಇಬ್ಬರೂ ನಿಮ್ಮನೇಲಿ, ನಾನು ರಜೆಗೆ ಬಂದ್ರೆ ಖಾಲಿ ಮನೇಲಿ ಒಬ್ಬನೇ ಗೋಡೆ ನೋಡ್ಕೊಂಡು ಕೂತಿರ್ತೀನಿ.

ಗೊತ್ತು, ಗೊತ್ತು. ಟಿಲ್ಲಿ ಕಾರು ಹತ್ತಲ್ಲ, ಅದಕ್ಕೇ ಅವರು ಇಲ್ಲಿದಾರೆ. ಅಪಘಾತ ಆದ ದಿನ ಆಸ್ಪತ್ರೆ ಬಾಗಿಲಲ್ಲೇ ಅವಳು ಕಿರುಚಾಡಿದ್ಲಲ್ಲ, ನೀವು ಭುಜಕ್ಕೆ ಪಟ್ಟಿ ಕಟ್ಟಿದ್ದ ಆ ಮಗೂನ ಎತ್ಕೊಂಡು ಒಂದು ಗಂಟೆ ನಡೆದು ಮನೆಗೆ ಕರ್ಕೊಂಡು ಹೋದ್ರಿ. ನಾನು ಹಿಂದೆ ಹಿಂದೆ ಬರ್ತಿದ್ದೆ. ಆ ಬಿಸಿಲು ನಾನು ಮರೆತಿಲ್ಲ. ಮೂಳೆ ಕೂಡ್ಕೊಂಡು ಐದು ವಾರ ಆಯ್ತು, ಇನ್ನೂ ಹತ್ತಲ್ಲ ಅಂದ್ರೆ... ಮೊನ್ನೆ ನೋಡ್ದೆ, ನಾಲ್ಕು ವರ್ಷದ ಹುಡುಗೀನ ಕೂಸುಗಳ ತಳ್ಳೋ ಗಾಡೀಲಿ ಕೂರಿಸ್ಕೊಂಡು ರೊಸಾನಾ ಡಾಕ್ಟ್ರ ಹತ್ರ ಹೋಗ್ತಿದ್ಲು. ಮಗು ಕಾಲು ನೆಲಕ್ಕೆ ತಾಗ್ತಿತ್ತು. ನಾನು ರಸ್ತೆಯ ಈಚೆ ಕಡೆ ನಿಂತಿದ್ದೆ, ಕೂಗೋಕೂ ಆಗ್ಲಿಲ್ಲ.

ಹಾಗೆ ನೋಡ್ಬೇಡಿ. ಕಾರಿಗೆ ಬರೋಣ.

ಇದು ಸ್ವೀಡನ್‌ದು. ನೀವೇ ಒಂದ್ಸಲ ಹೇಳಿದ್ರಿ, ಇವರ ಕಂಬಿಗಳು ಗಟ್ಟಿ, ಬಾಗಿಸೋಕೆ ಹೋದ್ರೆ ನಮ್ಮ ಸೊಂಟನೇ ಬಾಗತ್ತೆ ಅಂತ. ಇದು ಜರ್ಮನಿಯದು. ಬಾಗಿಲು ಹಾಕಿದ್ರೆ ಸದ್ದೇ ಇಲ್ಲ, ಹೊರಗಿನ ಲೋಕ ಅಲ್ಲೇ ನಿಂತುಹೋಗತ್ತೆ. ಟಿಲ್ಲಿಗೆ ಹಿಡಿಸಬಹುದು ಅಂದ್ಕೊಂಡೆ, ಅವಳಿಗೀಗ ರಸ್ತೆ ಸದ್ದೇ ಭಯ. ಆದ್ರೆ ಹಿಂದಿನ ಬಾಗಿಲು ಕಿರಿದು, ಮಗು ಸೀಟು ತೂರಿಸೋಕೆ ಕಷ್ಟ. ಇನ್ನು ಇದು ಜಪಾನಿನದು, ಬಿಳಿ. ನಾನು ನಮ್ಮ ಸೀಟು ತಗೊಂಡೇ ಹೋಗಿದ್ದೆ ಮಾವ. ಮೂರರಲ್ಲೂ ಕೂರಿಸಿ ನೋಡ್ದೆ, ಪಟ್ಟಿ ಬಿಗಿದೆ, ಮೊಣಕಾಲು ಊರಿ ಅಲ್ಲಾಡಿಸ್ದೆ. ಟಿಲ್ಲಿ ಬದಲು ಹದಿನಾರು ಕಿಲೋ ಆಲೂಗಡ್ಡೆ ಚೀಲ ಕಟ್ಟಿ ಊರೆಲ್ಲ ಒಂದು ಸುತ್ತು ಹೊಡೆದೆ. ಮಾರೋನು ನನ್ನ ತಲೆ ಕೆಟ್ಟಿದೆ ಅಂದ್ಕೊಂಡಿರಬೇಕು. ಅಂದ್ಕೊಳ್ಲಿ.

ಜಪಾನಿನದ್ರಲ್ಲಿ ಅವಳು ಎತ್ತರದಲ್ಲಿ ಕೂರ್ತಾಳೆ, ಕಿಟಕಿಯಿಂದ ಎಲ್ಲ ಕಾಣತ್ತೆ. ರೊಸಾನಾ ಬಗ್ಗೋದೂ ಬೇಡ. ಮುಂದೆ ಯಾರಾದ್ರೂ ಅಡ್ಡ ಬಂದ್ರೆ ತಾನೇ ಬ್ರೇಕ್ ಹಾಕತ್ತೆ. ಗೆರೆ ದಾಟಿದ್ರೆ ಸ್ಟೇರಿಂಗ್ ನಡುಗತ್ತೆ, ಎಳೆದು ತಂದು ಒಳಗೆ ಬಿಡತ್ತೆ. ಆಮೇಲೆ ಓಡಿಸೋನ ಕಣ್ಣಿನ ಮೇಲೇ ಒಂದು ಕ್ಯಾಮೆರಾ. ರೆಪ್ಪೆ ಸ್ವಲ್ಪ ಭಾರ ಆದ್ರೂ ಸಾಕು, ಕಿವಿ ಕಿತ್ತೋಗೋ ಹಾಗೆ ಗಂಟೆ ಹೊಡೆಯತ್ತೆ. ಎರಡನೇ ಸಲಕ್ಕೆ ಇನ್ನೂ ಜೋರು. ಮೂರನೇ ಸಲಕ್ಕೆ ತಾನೇ ನಿಧಾನ ಆಗಿ ಪಕ್ಕಕ್ಕೆ ನಿಲ್ಲತ್ತಂತೆ. ಸ್ವೀಡನ್‌ದ್ರಲ್ಲೂ ಇದೆ, ಆದ್ರೆ ಜಪಾನಿನದ್ರಲ್ಲಿ ಬೇಗ ಕಂಡುಹಿಡಿಯತ್ತೆ. ನಾನು ಕಣ್ಣು ಮುಚ್ಚಿ ಪರೀಕ್ಷೆ ಮಾಡ್ದೆ... ನಿಲ್ಲಿಸಿದ ಗಾಡೀಲಿ ಅಲ್ಲ, ಖಾಲಿ ಮೈದಾನದಲ್ಲಿ, ಮೆಲ್ಲಗೆ ಹೋಗ್ತಾ.

ಯಾಕೆ ಮಾವ, ಅಷ್ಟೆಲ್ಲ ಹೇಳಿದ್ರೂ ಆ ಕ್ಯಾಮೆರಾದ ಸಾಲಿಗೊಂದಕ್ಕೇ ಪೆನ್ಸಿಲ್ ಗೆರೆ ಎಳೆದ್ರಿ?

ಎಲ್ಲ ಹೊಸ ಕಾರಲ್ಲೂ ಇರತ್ತೆ ಅದು. ಅದಕ್ಕೇ ಹೇಳ್ದೆ, ಬೇರೇನಿಲ್ಲ.

ನೀವು ಏನಾದ್ರೂ ಮಾತಾಡ್ತೀರಿ ಅಂತ ಬಂದೆ. ಮನೇಲೂ ಹೀಗೇ. ಹೋದ ಭಾನುವಾರ ನಿಮ್ಮನೇಲಿ ವರ್ಷದ ಟೊಮೆಟೊ ಸಾಸ್ ಮಾಡೋ ದಿನ ಅಲ್ವಾ, ಬಂದಿದ್ದೆನಲ್ಲ ನಾನು. ಆರು ವರ್ಷದಿಂದ ಬಾಟಲಿ ತುಂಬೋದು ನನ್ನ ಕೆಲಸ. ಅತ್ತೆ ನನ್ನ ಕೈಗೆ ಆಲಿಕೆ ಕೊಡ್ಲಿಲ್ಲ. ಕೂತ್ಕೋ, ನಿಂಗೆ ಆಯಾಸ ಆಗಿರತ್ತೆ ಅಂದ್ರು. ಆಯಾಸ ಅಂತ... ಅದನ್ನ ಯಾವ ಅರ್ಥದಲ್ಲಿ ಅಂದ್ರು ಅಂತ ಮೂರು ದಿನದಿಂದ ಯೋಚಿಸ್ತಿದೀನಿ. ರೊಸಾನಾ ಫೋನ್ ಎತ್ತಿದಾಗೆಲ್ಲ ಒಂದೇ ಪ್ರಶ್ನೆ. ಆವತ್ತು ಏನಾಯ್ತು ಇನ್ನೊಂದ್ಸಲ ಹೇಳು ಅಂತಾಳೆ. ನಾನು ಹೇಳ್ತೀನಿ. ಅವಳು ಹೂಂ ಅಂತಾಳೆ, ಇಡ್ತಾಳೆ. ಮುಂದಿನ ವಾರ ಮತ್ತೆ ಅದೇ.

ನಿಮಗೂ ಹೇಳಿದ್ದೆನಲ್ಲ. ಗಣಿಯಿಂದ ವಿಮಾನ ಬೆಳಿಗ್ಗೆ ಇಳೀತು. ಟಿಲ್ಲಿನ ಶಿಶುವಿಹಾರದಿಂದ ಬೇಗ ಕರ್ಕೊಂಡೆ, ಯಾಲಿಂಗಪ್ ಬೀಚಿಗೆ ಅಂತ ಮಾತು ಕೊಟ್ಟಿದ್ದೆ. ಕಾಡಿನ ರಸ್ತೆ. ಎಡಗಡೆ ಪೊದೆಯಿಂದ ಕಾಂಗರೂ ಹಾರಿತು, ದೊಡ್ಡದು, ಯೂಟಿನ ಮುಂದಿನ ಅಡ್ಡ ಕಂಬಿಗೆ ಬಡೀತು, ಗಾಡಿ ತಿರುಗಿ ಮರಕ್ಕೆ... ಇಷ್ಟೇ. ಈ ಕಡೆ ಯಾರಿಗೆ ಆಗಿಲ್ಲ ಹೇಳಿ? ನಿಮ್ಮ ಗಿರಾಕಿಗಳಲ್ಲಿ ಅರ್ಧ ಜನ ಕಾಂಗರೂ ಹೊಡೆದೋರೇ ಅಲ್ವಾ?

ಎಷ್ಟು ಹೊತ್ತಿಗಾ? ಹನ್ನೊಂದು. ಹನ್ನೊಂದು ಆಗಿರಬೇಕು.

ಗೋಡೆ ಗಡಿಯಾರ ಯಾಕೆ ನೋಡ್ತೀರಿ? ಗೊತ್ತು ನನಗೂ. ಡಿಸೆಂಬರ್ ಬೇಸಿಗೆಯ ಬಿಸಿಲಲ್ಲಿ ಹನ್ನೊಂದು ಗಂಟೆಗೆ ಕಾಂಗರೂಗಳು ನೆರಳಲ್ಲಿ ಬಿದ್ಕೊಂಡಿರ್ತವೆ. ಆದ್ರೂ ಒಂದೊಂದು ಎದ್ದು ಬರಲ್ವಾ? ನಾಯಿ ಅಟ್ಟಿಸ್ಕೊಂಡು ಬಂದಿರಬಹುದು. ನನಗೇನು ಗೊತ್ತು.

ಎಲ್ಲಿಗೆ ಮಾವ? ಹಿತ್ತಲಿಗೆ ಯಾಕೆ? ಕಾರಿನ ಮಾತು ಮುಗೀಲಿಲ್ಲ... ಬಂದೆ, ಬಂದೆ.

ಇದು... ಇದು ನನ್ನ ಯೂಟ್. ಗುಜರಿಗೆ ಹೋಯ್ತು ಅಂದ್ಕೊಂಡಿದ್ದೆ. ಹನ್ನೊಂದು ವಾರದಿಂದ ಇಲ್ಲೇ ಟಾರ್ಪಾಲು ಮುಚ್ಚಿ ಇಟ್ಕೊಂಡಿದೀರಾ? ತೆಗೀಬೇಡಿ ಮಾವ. ನೋಡೋಕಾಗಲ್ಲ ನನಗೆ.

ಎಡಗಡೆ ಪೂರ್ತಿ ಹೋಗಿದೆ. ಅಯ್ಯೋ. ಇಷ್ಟೊಂದು ಅಂತ ಗೊತ್ತಿರ್ಲಿಲ್ಲ.

ಆ ಮುಂದಿನ ಕಂಬಿ ಮೇಲೆ ಯಾಕೆ ಕೈ ಆಡಿಸ್ತೀರಿ... ಕಾಣತ್ತೆ ಮಾವ. ಒಂದು ಕೂದಲಿಲ್ಲ, ರಕ್ತ ಇಲ್ಲ. ವಿಮಾನ ನಿಲ್ದಾಣದ ದಾರೀಲಿ ಬಡಿದ ಹುಳಗಳು ಒಣಗಿ ಹಾಗೇ ಅಂಟ್ಕೊಂಡಿವೆ. ಮೊದಲ ದಿನವೇ ನೋಡಿದೀರಿ ನೀವು. ಮೊದಲ ದಿನದಿಂದ ಗೊತ್ತು, ಆದ್ರೂ ಒಂದು ಮಾತು ಆಡ್ಲಿಲ್ಲ. ಮಗಳಿಗೂ ಹೇಳ್ಲಿಲ್ಲ ಅಲ್ವಾ? ಹೇಳಿದ್ರೆ ಅವಳು ಮತ್ತೆ ಮತ್ತೆ ನನ್ನ ಕೇಳ್ತಿರ್ಲಿಲ್ಲ.

ಸರಿ. ಸರಿ ಮಾವ. ಕಾಂಗರೂ ಬರ್ಲಿಲ್ಲ.

ನಿದ್ದೆ ಬಂತು.

ಹದಿನಾಲ್ಕು ರಾತ್ರಿ ಪಾಳಿ, ದಿನಕ್ಕೆ ಹನ್ನೆರಡು ಗಂಟೆ. ಕೊನೇ ರಾತ್ರಿ ಮುಗಿಸಿ ಹಾಗೇ ವಿಮಾನ ಹತ್ತಿದ್ದೆ. ರೊಸಾನಾ ಒಂದೇ ಒಂದು ನಿಯಮ ಇಟ್ಟಿದ್ಲು, ಬಂದ ದಿನ ಮಲಗು, ಮಗೂನ ಗಾಡೀಲಿ ಕೂರಿಸಬೇಡ ಅಂತ. ವಿಮಾನದಲ್ಲಿ ಮಲಗಿದ್ದೆ ಕಣೇ ಅಂತ ಫೋನಲ್ಲಿ ಸುಳ್ಳು ಹೇಳ್ದೆ. ಎರಡು ವಾರ ಮಗಳ ಮುಖ ನೋಡಿರ್ಲಿಲ್ಲ ಮಾವ. ಒಂದು ದಿನ ಮಲಗಿ ಹಾಳು ಮಾಡೋಕೆ ಮನಸ್ಸಾಗ್ಲಿಲ್ಲ. ರಜೆ ಇರೋದೇ ಏಳು ದಿನ.

ಹೇಳಿದೆನಲ್ಲ, ತಪ್ಪಾಯ್ತು. ಇನ್ನು ಹೀಗಾಗಲ್ಲ, ಅದಕ್ಕೇ ಈ ಕಾರು. ನಾನು ತೂಕಡಿಸಿದ್ರೂ ಅದು ಎಬ್ಬಿಸತ್ತೆ. ಇನ್ನೇನು ಬೇಕು?

ಇನ್ನೂ ಯಾಕೆ ಹಾಗೇ ನಿಂತಿದೀರಿ? ಎಲ್ಲ ಹೇಳಿಯಾಯ್ತಲ್ಲ.

ಟಿಲ್ಲಿ ಸೀಟು ಇದ್ದ ಜಾಗ ಯಾಕೆ ನೋಡ್ತೀರಿ ಮಾವ? ಬೇಡ. ಅದನ್ನ ಕೇಳ್ಬೇಡಿ. ಅವಳು ನಿಮಗೆ ಏನಾದ್ರೂ ಹೇಳಿದ್ಲಾ? ತಾತ, ನಾನು ಕಾಂಗರೂ ನೋಡ್ಲಿಲ್ಲ ಅಂತಾನಾ? ರೊಸಾನಾಗೂ ಅದನ್ನೇ ಹೇಳಿ ಅಳ್ತಾಳಂತೆ. ಕಾರಲ್ಲಿ ಕೂತ್ರೆ ನಾನು ನೋಡ್ತಾ ಇರಬೇಕು, ನಾನು ಸರಿಯಾಗಿ ನೋಡಲ್ಲ, ಅಪ್ಪಂಗೆ ಏಟಾಗತ್ತೆ, ಅದಕ್ಕೇ ಹತ್ತಲ್ಲ ಅಂತಾಳಂತೆ. ಡಾಕ್ಟ್ರಿಗೂ ಅರ್ಥ ಆಗಿಲ್ಲ. ನಾಲ್ಕು ವರ್ಷದ ಮಗು ತಲೇಲಿ ಇದೆಲ್ಲ ಎಲ್ಲಿಂದ ಬಂತು ಅಂತ ಕೇಳಿದ್ರಂತೆ.

ನಾನು ಹಾಕಿದ್ದು ಮಾವ. ನಾನೇ.

ಆಂಬುಲೆನ್ಸ್ ಬರೋಕೆ ಇಪ್ಪತ್ತು ನಿಮಿಷ ಹಿಡೀತು. ಅವಳು ಅಳ್ತಿರ್ಲಿಲ್ಲ. ಅಪ್ಪ ನೀನು ನಿದ್ದೆ ಮಾಡ್ದೆ, ನಾನು ಕೂಗ್ದೆ, ಅಂದ್ಲು. ಒಂದ್ಸಲ ಅಲ್ಲ, ಮೂರು ನಾಲ್ಕು ಸಲ ಅಂದ್ಲು. ಅವಳ ಅಮ್ಮನ ಮುಂದೆ ಇದನ್ನೇ ಹೇಳಿದ್ರೆ ಗತಿಯೇನು ಅನ್ನಿಸ್ತು ನನಗೆ. ಪಕ್ಕದಲ್ಲಿ ಕೂತು, ಅವಳ ಮುಖ ಹಿಡ್ಕೊಂಡು ಹೇಳ್ದೆ, ಇಲ್ಲ ಪುಟ್ಟಿ, ನೀನು ಕೂಗ್ಲಿಲ್ಲ, ಕಾಂಗರೂ ಬಂತು, ನೀನು ನೋಡ್ಲಿಲ್ಲ ಅಷ್ಟೆ. ಭುಜ ಮುರಿದ ಮಗು ಹತ್ರ ಅದನ್ನ ವಾಪಸ್ ಹೇಳಿಸ್ದೆ ಮಾವ. ಕಾಂಗರೂ ಬಂತು, ನಾನು ನೋಡ್ಲಿಲ್ಲ. ಸರಿಯಾಗಿ ಬರೋವರೆಗೂ ಹೇಳಿಸ್ದೆ. ಜಾಣೆ ಅಂತ ಮುತ್ತು ಬೇರೆ ಕೊಟ್ಟೆ.

ಅವಳು ಕೂಗಿದ್ಲು. ಅಪ್ಪಾ ಏಳು ಅಂತ. ಆ ದನಿಗೇ ಎಚ್ಚರ ಆಗಿ ಬಲಕ್ಕೆ ಎಳೆದೆ, ಅದಕ್ಕೇ ಎಡಗಡೆ ಮಾತ್ರ ಬಡೀತು. ಇಲ್ದಿದ್ರೆ ನೇರ ಮರದೊಳಗೇ... ನೀವು ಇದನ್ನ ನೋಡಿದ್ರಲ್ಲ, ನಿಮಗೆ ಗೊತ್ತಾಗತ್ತೆ. ನಾವಿಬ್ಬರೂ ಇರ್ತಿರ್ಲಿಲ್ಲ. ಅವಳೇ ಉಳಿಸಿದ್ದು ನಮ್ಮನ್ನ. ಅದನ್ನೇ ಅವಳಿಂದ ಕಿತ್ಕೊಂಡು, ತಪ್ಪು ನಿಂದು ಅಂತ ಕೈಗೆ ಕೊಟ್ಟು, ನಾನು ಗಣಿಗೆ ಹೋದೆ.

ಮಾವ, ನೀವು ಹೇಳ್ತೀರಾ ಟಿಲ್ಲಿಗೆ? ನಿಮ್ಮ ಮಾತಂದ್ರೆ ಅವಳಿಗೆ ಇಷ್ಟ. ನಾನು ಇಲ್ಲೇ ಇರ್ತೀನಿ, ನೀವು ಮನೆಗೆ ಹೋಗಿ... ಅಪ್ಪ ಹೇಳಿದ್ದು ಸುಳ್ಳು ಅಂತ...

ದಾರಿ ಬಿಟ್ಟು ನಿಂತ್ರಲ್ಲ ಮಾವ. ನಾನೇ ಹೋಗ್ಬೇಕಾ?

ಅವಳು ನನ್ನ ನೋಡಿ ಓಡಿ ಬರ್ತಾಳೆ. ಈಗಲೂ ಓಡಿ ಬರ್ತಾಳೆ ಅವಳು.