ಜೋಗುಳದಾಗ ಉಳ್ಳಾಗಡ್ಡಿ

…ಪ್ಲೇಟು ಎಲ್ಲಿಗೂ ಓಡಿ ಹೋಗಂಗಿಲ್ಲ, ಅನ್ನಪೂರ್ಣ, ಮೊದಲು ಹಾಡು ಕೇಳು! ಬಂದಾಗಿಂದ ಒಂದ ಮಾತು. ನಮ್ಮವ್ವನ ಹಾಡಿನ ಪ್ಲೇಟು ಕೊಡು, ನಮ್ಮವ್ವನ ಪ್ಲೇಟು ಕೊಡು… ಕುಂದರು. ಅಯ್ಯ, ಅದರ ಮ್ಯಾಲ ಬ್ಯಾಡವಾ, ಅದು ಆಂಪ್ಲಿಫೈಯರ್! ಈ ಕುರ್ಚಿ ಮ್ಯಾಲ. ಹಾಂ.

ನೋಡಿಲ್ಲಿ, ಪೆನ್ ಡ್ರೈವ್. ಹೆಬ್ಬಟ್ಟಿನಷ್ಟೂ ಇಲ್ಲ. ನಿಮ್ಮವ್ವ ಮುದಕಮ್ಮ ಇಡೀ ಇದರಾಗ ಅದಾಳ! …ಯಾಕ ನಗತೀ? ಆತು, ಆಕಿ ಇಲ್ಲ, ಆಕಿ ಧ್ವನಿ ಐತಿ. ನಾಟಕ ಕಂಪನ್ಯಾಗ ಇದ್ದಾಗ ಹಾಡಿದ ಜೋಗುಳ, ಪ್ಲೇಟಿನಿಂದ ಇದಕ್ಕ ಇಳಿಸೀನಿ. ನಾಳೆ ಕನಕಗಿರ್ಯಾಗ ನಿನ್ನ ಮೊಮ್ಮಗಳನ್ನ ತೊಟ್ಟಿಲಿಗೆ ಹಾಕೂ ಮುಂದ ಇದನ್ನ ಹಚ್ಚತೀನಿ. ನಾಕು ಮೈಕಿನ ಹಾರ್ನ್ ಕಟ್ಟತೀನಿ. ಆ ನವಲಿಯ ನಿನ್ನ ಬೀಗತಿ ಕನಕಮ್ಮ ಏನಂದಿದ್ಲು, ತುಂಬಿದ ಮಂದ್ಯಾಗ? "ನಿಮ್ಮವ್ವ ಪ್ಲೇಟಿನ್ಯಾಗ ಹಾಡಿದ್ದು ಯಾರು ಕಂಡಾರ? ಪ್ಲೇಟು ತೊಳಕೋಂತ ಹಾಡಿರಬೇಕು!" ಅಂದ್ಲಲ್ಲ? ನಾಳೆ ಆಕಿ ಕಿವಿಗೇ ಒಂದು ಹಾರ್ನ್ ತಿರುಗಸ್ತೀನಿ, ತಡಿ.

ಭಾಳ ನಾಜೂಕಿನ ಕೆಲಸವಾ ಇದು. ಧೂಳಾ ಒರಸಬೇಕು, ಸೂಜಿ ಹಗೂರಕ ಇಳಸಬೇಕು. ಪ್ಲೇಯರಿನಿಂದ ಕಂಪ್ಯೂಟರಿಗೆ ಸೀದಾ ವೈರು ಹಾಕೀನಿ, ನಡುವ ಗಾಳಿ ಸೈತ ಹಾಯಂಗಿಲ್ಲ. ಯಾರು ಕಲಿಸಿದ್ರು ನನಗ? ಯಾರೂ ಕಲಿಸಿಲ್ಲ! ಸಾಲಿ ಮಾರಿ ನೋಡಿದಾಕಿಯಲ್ಲ ನಾನು. ಪ್ಲೇಟಿನ ನಡುವಿನ ಚೀಟಿ ಮ್ಯಾಲಿನ ಅಕ್ಷರ ಕೂಡಿಸಿ ಕೂಡಿಸಿ ಓದಾಕ ಕಲ್ತಾಕಿ. ಹೊರಗ "ಹಂಪವ್ವ ಮೈಕ್ ಸರ್ವಿಸ್, ಗಂಗಾವತಿ" ಅಂತ ಬೋರ್ಡು ಐತಲ್ಲ, ನಾನ ಬರದದ್ದು. ಒಂದು ಒತ್ತು ಹೆಚ್ಚಾಗೈತಂತ ಮಂದಿ ನಗತಾರ. ನಗಲಿ. ನನ್ನ ಬೋರ್ಡು, ನನ್ನ ಒತ್ತು.

ಹಚ್ಚಿದೆ ನೋಡು… ಕೇಳು. ಚಟಪಟ, ಚಟಪಟ… ಹಳೇ ಪ್ಲೇಟು ಅಂದ್ರ ಇದು! …ಏನು? ಒಗ್ಗರಣಿ ಸಪ್ಪಳಾ? ಸಾಸಿವಿ ಸಿಡದಂಗ ಕೇಳತೈತಿ? ಅನ್ನಪೂರ್ಣ, ನಿನಗ ಅಡಗಿ ಮನಿ ಬಿಟ್ರ ಬ್ಯಾರೆ ಜಗತ್ತಿಲ್ಲ. ಅದು ಸೂಜಿ ಸಪ್ಪಳ.

ಬಂತು ಧ್ವನಿ, ಬಂತು! ಏನ್ ಕಂಠ! …ಸ್ವಲ್ಪ ದಪ್ಪ ಐತಿ, ಹೌದು. ಅವತ್ತ ಆಕಿಗೆ ನೆಗಡಿ ಆಗಿರಬೇಕು. …ಆ? ನಿಮ್ಮವ್ವನ ಧ್ವನಿ ಸಣ್ಣದಿತ್ತಾ? ನೀ ಕೇಳೂ ಹೊತ್ತಿಗೆ ಆಕಿಗೆ ವಯಸ್ಸಾಗಿತ್ತು ಬಿಡು. ವಯಸ್ಸಾದ ಮ್ಯಾಲ ಎಲ್ಲಾ ಸಣ್ಣ ಆಗತಾವ. ನನ್ನ ಕುಪ್ಪಸ ನೋಡು, ಎಲ್ಲಾ ಸಣ್ಣ ಆಗ್ಯಾವ.

ಕುಕ್ಕರ್ ಅಲ್ಲವಾ ಅದು! ಕೊಳಲು. …ಒಂದ ಸ್ವರದಾಗ ಊದ್ಯಾನ, ಕಲಿಯಾಕ ಬಂದಾವ ಇರಬೇಕು ಪಾಪ.

ಏನ ಕೇಳಿಸ್ತು? …ಹೌದು, ನನಗೂ ಕೇಳಿಸ್ತು. "ಬರ್ರಿ ಅಕ್ಕಾರ, ಉಳ್ಳಾಗಡ್ಡಿ." ಅದಕ್ಕೇನಾತು? ಆಗಿನ ಮಂದಿ ಉಳ್ಳಾಗಡ್ಡಿ ತಿಂತಿದ್ದಿಲ್ಲೇನು? ಪ್ಲೇಟಿಗೆ ಹಾಡು ತುಂಬೂ ಮುಂದ ಹೊರಗ ಯಾವನೋ ಹಾಯ್ದಿರತಾನ. …ನೀ ಬರೂ ಮುಂದ ಹೊರಗ ಕೂಗತಿದ್ದನಲ್ಲ, ನಮ್ಮ ಓಣಿ ಬಾಬಾಸಾಬ, ಅವನ ಧ್ವನಿ ಇದ್ದಂಗ ಐತಿ? ಇರಲಿ! ಅವರಪ್ಪನೂ ಉಳ್ಳಾಗಡ್ಡಿನ ಮಾರತಿದ್ದ. ಅಪ್ಪನದ ಧ್ವನಿ ಅದು. ಬಾಬಾಸಾಬಗ ಕರದು ಕೇಳಸ್ತೀನಿ, ಅಪ್ಪನ ಧ್ವನಿ ಸಿಕ್ಕತಂತ ಅವ ಅಳತಾನ ನೋಡಬೇಕಾರ…

ಯಾಕ, ನಗೂದು ಬಿಟ್ಟಿ? ಇಷ್ಟೊತ್ತನಕ ನಗತಿದ್ದಿ…

ಏಳಬ್ಯಾಡ, ಏಳಬ್ಯಾಡ, ಕೊನಿಗೆ ಭಾಳ ಚಂದದ್ದೊಂದು ಐತಿ! ಹಳೇ ಕಾಲದ ಪ್ಲೇಟಿನ್ಯಾಗ ಹಾಡು ಮುಗದ ಕೂಡ್ಲೆ ಹಾಡಿದಾಕಿ ತನ್ನ ಹೆಸರು ತಾನ ಹೇಳತಿದ್ಲು. ತುಂಬಿಕೊಳ್ಳೋರಿಗೆ ಯಾರು ಹಾಡಿದ್ರಂತ ಗೊತ್ತಾಗಬೇಕಲ್ಲ? ನಿಮ್ಮವ್ವನೂ ಹೇಳ್ಯಾಳ. ಕನಕಮ್ಮನ ಬಾಯಿ ಮುಚ್ಚಸಾಕ ಇದಕಿಂತ ಸಾಕ್ಷಿ ಬೇಕೇನು? ಕೇಳು… ಈಗ… ಈಗ…

…

ಏನಂದ್ಲು? ತಡಿ, ಇನ್ನೊಮ್ಮೆ ಹಚ್ಚತೀನಿ.

…ಹಂ. "ನಾನು ಗಂಗಾವತಿ ಹಂಪವ್ವ."

ಹಂಗ್ಯಾಕ ನನ್ನ ಮಾರಿ ನೋಡತೀ? ಹಂಪವ್ವ ಅನ್ನೂ ಹೆಸರು ನನಗೊಬ್ಬಾಕಿಗೆ ಬರದು ಕೊಟ್ಟಾರೇನು? ಕಂಪನ್ಯಾಗ ನಿಮ್ಮವ್ವಗ ಹಂಗ ಕರೀತಿರಬೇಕು. ನಾಟಕದವರಿಗೆ ಊರಿಗೊಂದು ಹೆಸರು! …ನಾಳೆ ಜೋಗುಳ ಮುಗದ ಕೂಡ್ಲೆ ನಾಕೂ ಹಾರ್ನಿನ್ಯಾಗ "ಹಂಪವ್ವ" ಅಂತ ಬಂದ್ರ ಕೂಸಿಗೆ ಅದ ಹೆಸರು ಇಟ್ರು ಅಂತ ಮಂದಿ ತಿಳಕೊಂತಾರ, ಅಷ್ಟ ಹೌದಲ್ಲೋ? ಇಡ್ರಿ! ಗಟ್ಟಿ ಹೆಸರು. ಅನುಷಾ-ಗಿನುಷಾಕಿಂತ ಛಲೋ ಬಾಳಿಕಿ ಬರತೈತಿ.

…ಅನ್ನಪೂರ್ಣ?

ಏನರ ಅನ್ನವಾ. ಬೈಯರ ಬೈ. …ಪ್ಲೇಟು ಎಲ್ಲಿ ಅಂತ ಕೇಳಂಗಿಲ್ಲೇನು? ಬಂದಾಗಿಂದ ಕೇಳಿದಾಕಿ, ಈಗ್ಯಾಕ ಕೇಳವಲ್ಲಿ? ಕೇಳು ಒಮ್ಮೆ…

ಡೊಂಕಾಗಿತ್ತು. ನನ್ನ ಕೈಗೆ ಬಂದಾಗ ಡೊಂಕ ಇತ್ತು! ಸೂಜಿ ಜಿಗೀತಿತ್ತು. ಮಾಳಿಗಿ ಮ್ಯಾಲ ಬಿಸಿಲಿಗಿಟ್ಟು, ಮ್ಯಾಲ ರೊಟ್ಟಿ ಹಂಚು ಹೇರಿದ್ರ ಸಪಾಟ ಆಗತೈತಂತ… ಪ್ಲೇಟು ಅರಗಿಂದ ಮಾಡತಾರ ಅಂತ ನನಗ ಗೊತ್ತಿತ್ತು, ಓದಿದ್ದೆ. ಅರಗು ಗಂಗಾವತಿ ಬಿಸಿಲಿಗೆ ಏನಾಗತೈತಂತ ಆ ಪುಸ್ತಕದಾಗ ಬರದಿದ್ದಿಲ್ಲ! ಒಂದು ಹಂಚು ಇಟ್ಟು ಬಂದಿದ್ದೆ, ಸಂಜಿಗೆ ಹೋಗಿ ನೋಡಿದ್ರ ಎರಡು ಹಂಚು ಇದ್ವು, ಪ್ಲೇಟೂ ಕರಗಿ ಒಂದು ಹಂಚಾಗಿತ್ತು.

ಹೇಳಬೇಕಂತ ಕನಕಗಿರಿ ಬಸ್ಸು ಹತ್ತಿ ನಿಮ್ಮ ಓಣಿತನಕ ಬಂದಿದ್ದೆ. ನೀ ಆಗಲೆ ಓಣಿ ತುಂಬ ಸಾರಿದ್ದಿ, ನಮ್ಮವ್ವ ಹಾಡತಾಳ ಬರ್ರಿ, ನಮ್ಮವ್ವ ಹಾಡತಾಳ ಬರ್ರಿ ಅಂತ. ಹೆಂಗ ಹೇಳಲಿ? ಹೊಳ್ಳಿ ಬಂದು ಅಡಗಿ ಮನಿ ಬಾಗಲ ಹಾಕ್ಕೊಂಡು ನಾನ ಹಾಡಿದೆ. ಹೆಸರು ಹೇಳೂ ಮುಂದ ಬಾಯಿಗೆ ಏನು ಬರತೈತಿ ಹೇಳು, ಜನ್ಮ ಎಲ್ಲಾ ಒಂದ ಹೆಸರು ಹೇಳಿದಾಕಿಗೆ?

ಅಳಬ್ಯಾಡ. ಅಳಬ್ಯಾಡ ಅಂದೆನಲ್ಲ.

…ಒಂದು ಸಾಲು ಕೇಳಿದ್ದೆ ನಾನು. ಬಿಸಿಲಿಗೆ ಇಡೂಕಿಂತ ಮೊದಲು, ಸೂಜಿ ಜಿಗಿಯೂತನಕ, ಒಂದ ಸಾಲು. ಧ್ವನಿ ಸಣ್ಣದ ಇತ್ತು. ನೀ ಹೇಳಿದ್ದ ಖರೆ.

ಆ ಸಾಲು ಹಾಡಿ ತೋರಿಸಲೇನು? …ಸಣ್ಣ ಧ್ವನ್ಯಾಗ, ಆಕಿ ಹಾಡಿದಂಗ? ಮೈಕ್ ಬ್ಯಾಡ. ಬರೇ ನಿನಗ.